ಘಟ್ಟದ ಮೇಲಿನ ಚಳಿ, ಕೆಳಗಿನ ಚಳಿ: ಉತ್ತರ ಕನ್ನಡದ ಚಳಿಗಾಲದ ಕಾಯಿಲೆಗಳು ಎಲ್ಲಿಂದ ಏಳುತ್ತವೆ?

ಜನವರಿಯ ಮಧ್ಯಾಹ್ನ ಕಾರವಾರದಲ್ಲಿ ಉಷ್ಣಾಂಶ 32 ಡಿಗ್ರಿ ಮುಟ್ಟುತ್ತದೆ. ಅದೇ ದಿನದ ಬೆಳಗಿನ ಜಾವ 20ರ ಆಸುಪಾಸಿಗೆ ಇಳಿದಿರುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ಶಿರಸಿಯಲ್ಲಿ 15ಕ್ಕಿಂತ ಕೆಳಗಿಳಿಯುವ ರಾತ್ರಿಗಳೂ ಇವೆ. ಬಿಸಿಲೇರಿದ ಮೇಲೆ ಅಲ್ಲಿಯೂ 30ರ ಹತ್ತಿರ. ಜುಲೈ ಮಳೆಯಲ್ಲಿ ಕರಾವಳಿಯ ಹಗಲು–ರಾತ್ರಿಯ ಅಂತರ ಐದಾರು ಡಿಗ್ರಿ ಮಾತ್ರ. ಚಳಿಗಾಲದಲ್ಲಿ ಅದು ಎರಡರಷ್ಟನ್ನು ಮೀರುತ್ತದೆ. ನಮ್ಮ ಜಿಲ್ಲೆಯ ಚಳಿ ಕೆಟ್ಟದ್ದಲ್ಲ, ಈ ಏರಿಳಿತ ಕೆಟ್ಟದ್ದು. ಹನ್ನೆರಡು ಗಂಟೆಯೊಳಗೆ ಮೈ ಎರಡು ಹವೆಗೆ ಹೊಂದಿಕೊಳ್ಳಬೇಕು. ಆರೋಗ್ಯವಂತರು ಹೊಂದಿಕೊಳ್ಳುತ್ತಾರೆ. ದಮ್ಮು, ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರಿಗೆ, ಹಸುಗೂಸಿಗೆ, ಎಪ್ಪತ್ತು ದಾಟಿದವರಿಗೆ ಅದು ಅಷ್ಟು ಸಲೀಸಲ್ಲ.

ಇದರ ಮೇಲೆ ಇನ್ನೆರಡು ಸಂಗತಿಗಳು ಸೇರಿಕೊಳ್ಳುತ್ತವೆ. ಒಂದು ಹೊಗೆ. ಎರಡು, ಅಡಿಕೆ ಕೊಯ್ಲು, ದರಕು (ಉದುರಿದ ಒಣ ಎಲೆ) ಗುಡಿಸುವುದು, ಮೀನುಗಾರಿಕೆ, ಬಯಲಾಟ ಎಲ್ಲವೂ ಇದೇ ತಿಂಗಳುಗಳಲ್ಲಿ ಬೀಳುವುದು. ಚಳಿಗಾಲದ ಕಾಯಿಲೆ ಎಂದರೆ ಸ್ವೆಟರ್, ಟೊಪ್ಪಿ ಎಂದುಕೊಳ್ಳುತ್ತೇವೆ. ಈ ಜಿಲ್ಲೆಯ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ಚಳಿಗೆ ಹೆದರಿ ನಾವು ಏನೇನು ಮಾಡುತ್ತೇವೆ ಎಂಬುದು.

ಕಣಿವೆಯಲ್ಲಿ ನಿಲ್ಲುವ ಹೊಗೆ

ರಾತ್ರಿ ನೆಲ ಬೇಗ ತಣಿಯುತ್ತದೆ. ತಣ್ಣಗಿನ ಗಾಳಿ ಭಾರ. ಗುಡ್ಡದಿಂದ ಜಾರಿ ತಗ್ಗಿನಲ್ಲಿ ಸೇರುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ ಕೂತಾಗ ಕೆಳಗಿನ ಹೊಗೆ ಮೇಲೇಳುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳೂ ಅವುಗಳ ಪಕ್ಕದ ಮನೆಗಳೂ ಇರುವುದು ಇಂಥ ಕಣಿವೆಗಳಲ್ಲೇ. ಬೆಳಿಗ್ಗೆ ಆರರಿಂದ ಎಂಟರವರೆಗೆ ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆ, ಅಂಗಳದ ಕಸದ ಬೆಂಕಿ ಎಲ್ಲ ಒಟ್ಟಿಗೆ ಉರಿಯುತ್ತವೆ. ಮಂಜೆಂದು ಕಾಣುವುದರಲ್ಲಿ ಹೊಗೆಯ ಪಾಲೂ ಇರುತ್ತದೆ. ಕರಾವಳಿಯಲ್ಲಿ ಹಗಲಿನ ಕಡಲಗಾಳಿ ಇದನ್ನು ಗುಡಿಸಿ ಹಾಕುತ್ತದೆ. ರಾತ್ರಿ ಘಟ್ಟದ ಕಡೆಯಿಂದ ಬೀಸುವ ಒಣ ನೆಲಗಾಳಿಗೆ ಅಷ್ಟು ಕಸುವಿಲ್ಲ.

ಮೂಗು, ಶ್ವಾಸನಾಳದ ಒಳಗೋಡೆಯಲ್ಲಿ ಕೂದಲೆಳೆಗಿಂತ ಸಣ್ಣ ಎಳೆಗಳಿವೆ. ಕಫದೊಂದಿಗೆ ಧೂಳನ್ನೂ ರೋಗಾಣುವನ್ನೂ ಮೇಲಕ್ಕೆ ತಳ್ಳುವುದು ಅವುಗಳ ಕೆಲಸ. ಒಣ, ತಣ್ಣನೆ ಗಾಳಿಯಲ್ಲಿ ಕಫ ಗಟ್ಟಿಯಾಗಿ ಎಳೆಗಳ ಚಲನೆ ನಿಧಾನವಾಗುತ್ತದೆ; ಹೊಗೆ ಅದನ್ನು ಇನ್ನಷ್ಟು ಕುಗ್ಗಿಸುತ್ತದೆ. ನೆಗಡಿಯ ವೈರಾಣುಗಳಲ್ಲಿ ಮುಖ್ಯವಾದ ರೈನೋವೈರಸ್ ಮೂಗಿನೊಳಗಿನ 33 ಡಿಗ್ರಿ ಸುತ್ತಲಿನ ತಂಪಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಚಳಿಗೆಂದು ಕಿಟಕಿ ಮುಚ್ಚಿ ನಾಲ್ಕು ಜನ ಒಂದೇ ಕೋಣೆಯಲ್ಲಿ ಮಲಗಿದರೆ ಒಬ್ಬರದು ಎಲ್ಲರಿಗೂ ಹರಡಲು ಎರಡು ದಿನ ಸಾಕು.

ಬರೀ ನೆಗಡಿಗೆ ಆ್ಯಂಟಿಬಯೋಟಿಕ್ ಬೇಡ. ಕಫ ಹಳದಿಯಾಯಿತು ಎಂಬುದೊಂದೇ ಅದನ್ನು ನುಂಗಲು ಕಾರಣವಲ್ಲ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಅಂಗಡಿಯಿಂದ ತಂದ ಕೆಮ್ಮು–ನೆಗಡಿ ಸಿರಪ್ ಕೊಡಬಾರದು. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು, ಅದು ಮನೆಯ ಪೆಟ್ಟಿಗೆಯ ತುಡುವೆ ಜೇನೇ ಆಗಿದ್ದರೂ. ಬಾಟ್ಯುಲಿಸಂ ಎಂಬ ಅಪಾಯಕಾರಿ ವಿಷಬಾಧೆಗೆ ಅದು ದಾರಿ. ದೊಡ್ಡವರ ಕಷಾಯದಲ್ಲಿ ಕಾಳುಮೆಣಸು, ಶುಂಠಿ ಇರಲಿ. ಜ್ಯೇಷ್ಠಮಧು ಮಾತ್ರ ದಿನಾ ವಾರಗಟ್ಟಲೆ ಹೋದರೆ ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಬಿ.ಪಿ. ಇದ್ದವರು ಅದನ್ನು ಬಿಡುವುದೇ ಲೇಸು. ಬಿಸಿನೀರಿನ ಆವಿ ಕಟ್ಟಿದ ಮೂಗನ್ನು ತುಸು ಸಡಿಲಿಸುತ್ತದೆ, ಕಾಯಿಲೆಯನ್ನು ಕಡಿಮೆ ಮಾಡುವುದಿಲ್ಲ. ಮಕ್ಕಳನ್ನು ಕುದಿವ ಪಾತ್ರೆಯ ಮುಂದೆ ಕಂಬಳಿ ಹೊದೆಸಿ ಕೂರಿಸಿದರೆ ಸುಟ್ಟಗಾಯವಾಗುವ ಸಂಭವವೇ ಹೆಚ್ಚು.

ಮಗುವಿಗೆ ನ್ಯುಮೋನಿಯಾ ಇರಬಹುದೇ ಎಂದು ತಿಳಿಯಲು ಸ್ಟೆತಸ್ಕೋಪ್ ಬೇಕಿಲ್ಲ. ಅಳು ನಿಂತು ಶಾಂತವಾಗಿರುವಾಗ ಅಂಗಿ ಎತ್ತಿ, ಗಡಿಯಾರ ನೋಡಿಕೊಂಡು, ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿನಲ್ಲಿ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ಬರೀ ಶೀತವಲ್ಲ. ಉಸಿರೆಳೆದಾಗ ಎದೆಯ ಕೆಳಭಾಗ ಒಳಗೆ ಗುಳಿ ಬೀಳುತ್ತಿದ್ದರೆ, ಹಾಲು ಬಿಟ್ಟರೆ, ಬೆಳಗಾಗುವವರೆಗೂ ಕಾಯಬಾರದು.

ದಮ್ಮಿನವರ ಮಾತು ಬೇರೆ. ಬೇಸಿಗೆಯಲ್ಲಿ ಆರಾಮ ಇತ್ತೆಂದು ದಿನಾ ಎಳೆದುಕೊಳ್ಳುವ ಇನ್ಹೇಲರ್ ಬಿಟ್ಟಿರುತ್ತಾರೆ. ಡಿಸೆಂಬರಿನಲ್ಲಿ ಕಷ್ಟವಾದಾಗ ನೀಲಿ ಬಣ್ಣದ್ದನ್ನು ಮಾತ್ರ ಮತ್ತೆ ಮತ್ತೆ ಒತ್ತುತ್ತಾರೆ. ಸಾಮಾನ್ಯವಾಗಿ ನೀಲಿ ಇರುವುದು ಸಾಲ್ಬುಟಮಾಲ್. ಬಿಗಿದ ನಾಳವನ್ನು ಕೆಲವು ಗಂಟೆ ಸಡಿಲಿಸುತ್ತದೆ ಅಷ್ಟೆ. ಒಳಗಿನ ಊತ ಇಳಿಸುವುದು ದಿನಾ ತೆಗೆದುಕೊಳ್ಳುವ ಸ್ಟೀರಾಯ್ಡ್ ಇನ್ಹೇಲರ್. ಅದರ ಪ್ರಮಾಣ ಮೈಕ್ರೋಗ್ರಾಂ ಲೆಕ್ಕದಲ್ಲಿರುತ್ತದೆ, ಚಟವಾಗುವಂಥದ್ದೂ ಅಲ್ಲ. ಎಳೆದುಕೊಳ್ಳುವ ಕ್ರಮದಲ್ಲೂ ಎಡವುವುದು ಸಾಮಾನ್ಯ. ಚೆನ್ನಾಗಿ ಅಲುಗಾಡಿಸಿ, ಮೊದಲು ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿ ಬಿಗಿಹಿಡಿದು, ನಿಧಾನ ಎಳೆಯಲು ಶುರುಮಾಡಿದ ಕ್ಷಣದಲ್ಲಿ ಒಂದು ಸಲ ಒತ್ತಬೇಕು. ಹತ್ತರವರೆಗೆ ಎಣಿಸುವಷ್ಟು ಹೊತ್ತು ಉಸಿರು ಹಿಡಿಯಬೇಕು. ಎರಡನೆಯದಕ್ಕೆ ಅರ್ಧ–ಒಂದು ನಿಮಿಷ ಬಿಡುವು. ಸ್ಟೀರಾಯ್ಡ್ ಇದ್ದದ್ದಾದರೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು ಬರುತ್ತದೆ. ಒತ್ತುವುದು, ಎಳೆಯುವುದು ಹೊಂದದ ಮುದುಕರಿಗೂ ಮಕ್ಕಳಿಗೂ ಇನ್ಹೇಲರಿಗೆ ಸಿಕ್ಕಿಸುವ ಸ್ಪೇಸರ್ ಡಬ್ಬಿ ಬೇಕೇ ಬೇಕು. ಚಾಲಿ (ಒಣಗಿಸಿದ ಅಡಿಕೆ) ಸುಲಿಯುವಾಗ ಏಳುವ ಸಿಪ್ಪೆಯ ಧೂಳಿನಲ್ಲಿ ಬೂಷ್ಟಿನ ಕಣಗಳೂ ಇರುತ್ತವೆ. ದಮ್ಮಿನವರು ಆ ಕೋಣೆಯಲ್ಲಿ ಕೂರಬಾರದು. ಕೂರಲೇಬೇಕಾದರೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್–95 ಮಾಸ್ಕ್ ಬೇಕು.

ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಹಲವರ ಮನೆಯಲ್ಲಿದೆ. ಚಳಿಯಲ್ಲಿ ಮರಗಟ್ಟಿದ ಬೆರಳಿಗೆ ಹಾಕಿದರೆ ಅದು ಇಲ್ಲದ ಇಳಿಕೆ ತೋರಿಸಬಹುದು. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮದರಂಗಿ ಅಥವಾ ಉಗುರುಬಣ್ಣ ಇಲ್ಲದ ಬೆರಳಿಗೆ ಹಾಕಿ, ಅಂಕಿ ನಿಲ್ಲುವವರೆಗೆ ಕಾಯಬೇಕು. ಆಮೇಲೂ 94ಕ್ಕಿಂತ ಕೆಳಗಿದ್ದರೆ ವೈದ್ಯರನ್ನು ಕಾಣಬೇಕು. ಬಹುಕಾಲದ ಶ್ವಾಸಕೋಶದ ಕಾಯಿಲೆ ಇದ್ದವರಿಗೆ ಈ ಮಿತಿ ಬೇರೆಯಿರಬಹುದು, ಅವರ ವೈದ್ಯರು ಹೇಳಿದ್ದೇ ಲೆಕ್ಕ.

ಮುಚ್ಚಿದ ಬಾಗಿಲಿನ ಹಿಂದೆ

ಮೇಲೆ ಹೇಳಿದ ಹೊಗೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ತಿಳಿಯುತ್ತದೆ. ಇಂಗಾಲದ ಮೊನಾಕ್ಸೈಡ್ ಎರಡಕ್ಕೂ ಸಿಗುವುದಿಲ್ಲ. ಉರಿ ಆರಿ ಕೆಂಡ ಮಾತ್ರ ಉಳಿದ ಅಗ್ಗಿಷ್ಟಿಕೆಯಿಂದ ಇದು ಹೇರಳವಾಗಿ ಹೊರಡುತ್ತದೆ. ಹೊಗೆ ನಿಂತಿತು, ಇನ್ನು ಒಳಗೆ ತರಬಹುದು ಎನ್ನುವ ಹೊತ್ತೇ ಹೆಚ್ಚು ಅಪಾಯದ ಹೊತ್ತು. ರಕ್ತದ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಓಕರಿಕೆ, ಕಾಲು ಸೋಲುವುದು, ಮಂಪರು. ಅಲ್ಲಿಂದ ಮುಂದೆ ಎದ್ದು ಬಾಗಿಲು ತೆಗೆಯುವ ಶಕ್ತಿ ಇರುವುದಿಲ್ಲ. ಒಂದೇ ಕೋಣೆಯ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಬಂದರೆ ಮೊದಲು ಇದನ್ನೇ ಅನುಮಾನಿಸಬೇಕು. ಪಲ್ಸ್ ಆಕ್ಸಿಮೀಟರನ್ನು ಇಲ್ಲಿ ನಂಬಲೇಬಾರದು: ಮೊನಾಕ್ಸೈಡ್ ಹಿಡಿದ ರಕ್ತವೂ ಅದರ ಕಣ್ಣಿಗೆ ಆಮ್ಲಜನಕ ತುಂಬಿದ ರಕ್ತದಂತೆ ಕಂಡು 98, 99 ಎಂದು ತೋರಿಸುತ್ತದೆ.

ಪೇಟೆ ಮನೆಗಳಲ್ಲಿ ಇದೇ ಅಪಾಯ ಗ್ಯಾಸ್ ಗೀಸರಿನ ರೂಪದಲ್ಲಿದೆ. ಬಚ್ಚಲುಮನೆ ಸಣ್ಣದು, ಚಳಿಗೆಂದು ವೆಂಟಿಲೇಟರಿಗೆ ರಟ್ಟು ಹೊಡೆದಿರುತ್ತದೆ, ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋಗುತ್ತಾರೆ. ಗೀಸರೂ ಸಿಲಿಂಡರೂ ಬಚ್ಚಲಿನ ಹೊರಗೆ, ಗಾಳಿಯಾಡುವ ಗೋಡೆಗೆ ಇರಬೇಕು; ಒಳಗೆ ಬರಬೇಕಾದದ್ದು ನೀರಿನ ಪೈಪು ಮಾತ್ರ. ಹಾಗಿಲ್ಲದ ಕಡೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಬಾಗಿಲು ತೆರೆದು ಗಾಳಿಯಾಡಿಸಿ, ಆಮೇಲೆ ಸ್ನಾನಕ್ಕೆ ಹೋಗಬೇಕು. ಯಾರಾದರೂ ಒಳಗೆ ಬಿದ್ದಿದ್ದರೆ ಬಾಗಿಲು ಕಿಟಕಿ ತೆಗೆದು, ಅವರನ್ನು ಬಯಲಿಗೆ ಎಳೆದು ತಂದು, 108ಕ್ಕೆ ಕರೆ ಮಾಡಿ. ಎಚ್ಚರವಾದರೂ ಆಸ್ಪತ್ರೆಗೆ ಹೋಗಲೇಬೇಕು, ಆಮ್ಲಜನಕವೇ ಇದಕ್ಕೆ ಮದ್ದು.

ಬಾಣಂತಿ ಕೋಣೆಯ ಬಗ್ಗೆ ತುಸು ಹೆಚ್ಚೇ ಹೇಳಬೇಕಾಗಿದೆ. ಮಂಚದ ಕೆಳಗೆ ಕೆಂಡದ ಶಾಖ, ಮಿಂದ ಕೂಸಿಗೆ ಧೂಪ, ಕಿಟಕಿಗೆ ಕಂಬಳಿ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಕೆಲವೇ ದಿನದ ಶ್ವಾಸಕೋಶ ಆ ಗಾಳಿಯನ್ನು ತಡೆದುಕೊಳ್ಳುವುದಿಲ್ಲ. ಕೂಸನ್ನು ಬೆಚ್ಚಗಿಡಲು ತಾಯಿಯ ಮೈಯೇ ಎಲ್ಲಕ್ಕಿಂತ ಒಳ್ಳೆಯ ಶಾಖ: ಬರೀ ಮೈಯ ಕೂಸನ್ನು ಟೊಪ್ಪಿ, ಕಾಲುಚೀಲ ಹಾಕಿ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ ಮೇಲೆ ಹೊದೆಸಬೇಕು. ಅಪ್ಪನೂ ಅಜ್ಜಿಯೂ ಹೀಗೆ ಎದೆಗವಚಿಕೊಳ್ಳಬಹುದು. ಕೋಣೆ 25ರಿಂದ 28 ಡಿಗ್ರಿ ಇದ್ದರೆ ಸಾಕು. ಹುಟ್ಟಿದ ಮೊದಲ 24 ಗಂಟೆ ಸ್ನಾನ ಬೇಡ. ತೂಕ ಕಡಿಮೆಯಿದ್ದರೆ ವೈದ್ಯರು ಹೇಳುವವರೆಗೂ ಒರೆಸಿದರೆ ಸಾಕು. ನೋಡುವ ಬಗೆ ಸುಲಭ: ಕೈಯ ಹಿಂಭಾಗದಿಂದ ಮೊದಲು ಹೊಟ್ಟೆ, ಆಮೇಲೆ ಪಾದ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಕೂಸಿಗೆ ಚಳಿಯಾಗುತ್ತಿದೆ, ಎದೆಗೆ ಎತ್ತಿಕೊಳ್ಳಬೇಕು. ಎರಡೂ ತಣ್ಣಗಿದ್ದರೆ ಎದೆಗವಚಿಕೊಂಡೇ ಆಸ್ಪತ್ರೆಗೆ ಹೊರಡಬೇಕು.

ಎದೆನೋವು ಮತ್ತು ದೂರದ ಲೆಕ್ಕ

ಚಳಿ ತಾಗಿದೊಡನೆ ಚರ್ಮದ ರಕ್ತನಾಳಗಳು ಕುಗ್ಗುತ್ತವೆ. ಅಷ್ಟೇ ರಕ್ತ ಸಣ್ಣ ದಾರಿಯಲ್ಲಿ ಹರಿಯಬೇಕಾದಾಗ ಒತ್ತಡ ಏರುತ್ತದೆ, ಹೃದಯದ ದುಡಿಮೆ ಹೆಚ್ಚುತ್ತದೆ. ಬೆಳಗಿನ ಜಾವ ಬಿ.ಪಿ. ಏರುವುದು ಮೊದಲೇ ಮೈಯ ಸಹಜ ಲಯ. ದಿನದ ಅತಿ ತಂಪಿನ ಹೊತ್ತೂ ಅದೇ. ನೀರಡಿಕೆ ಕಡಿಮೆಯಾಗಿ ನೀರು ಕುಡಿಯುವುದು ತಗ್ಗಿದರೆ ರಕ್ತ ಇನ್ನಷ್ಟು ಮಂದವಾಗುತ್ತದೆ. ಬೇಸಿಗೆಯಲ್ಲಿ ಹದವಾಗಿದ್ದ ಮಾತ್ರೆ ಡಿಸೆಂಬರ್–ಜನವರಿಗೆ ಸಾಲದೆ ಹೋಗುವುದು ಹೀಗೆ.

ಆದ್ದರಿಂದ ಬಿ.ಪಿ. ಇದ್ದವರು ಚಳಿ ಶುರುವಾದಾಗ ಒಂದು ವಾರ ಮನೆಯಲ್ಲೇ ಅಳೆದು ಬರೆದಿಡುವುದು ಒಳ್ಳೆಯದು. ಬೆಳಿಗ್ಗೆ ಮೂತ್ರ ಮಾಡಿ ಬಂದು, ಚಹಾ ಮತ್ತು ಮಾತ್ರೆಗೆ ಮೊದಲು, ಬೆನ್ನಿಗೆ ಆನಿಕೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ನಿಮಿಷದ ಅಂತರದಲ್ಲಿ ಎರಡು ಸಲ. ಸಂಜೆ ಮತ್ತೆರಡು ಸಲ. ಸ್ವೆಟರ್ ತೋಳಿನ ಮೇಲೆ ಪಟ್ಟಿ ಸುತ್ತಿದರೆ ಲೆಕ್ಕ ತಪ್ಪುತ್ತದೆ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ 135/85 ದಾಟಿದ್ದರೆ ಆ ಚೀಟಿ ಹಿಡಿದು ವೈದ್ಯರ ಬಳಿ ಹೋಗಬೇಕು. ಮಾತ್ರೆಯನ್ನು ತಾವೇ ಹೆಚ್ಚಿಸಿಕೊಳ್ಳಬಾರದು, ಫೆಬ್ರುವರಿ ಕಳೆದ ಮೇಲೆ ಅದೇ ಪ್ರಮಾಣ ತಲೆಸುತ್ತು ತರಬಹುದು. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚೆಯೊಳಗೆ. ಅಪ್ಪೆಮಿಡಿ, ಹಪ್ಪಳ, ಒಣಮೀನು ಎಲ್ಲ ಸೇರಿಸಿ.

ವಾಕಿಂಗ್ ಐದು ಗಂಟೆಗೇ ಆಗಬೇಕೆಂದಿಲ್ಲ. ಏಳೂವರೆಯ ಎಳೆಬಿಸಿಲಿಗೆ ಮುಂದೂಡಬಹುದು. ಹಂಡೆಯ ಸುಡುನೀರು ಮಿಂದು ಒದ್ದೆ ಮೈಯಲ್ಲಿ ಹಿತ್ತಿಲು ದಾಟಿ ಬರುವುದು ಮುದುಕರಿಗೆ ಕೇಡು: ಬಿಸಿಗೆ ಹಿಗ್ಗಿದ ರಕ್ತನಾಳ ಹೊರಗಿನ ಚಳಿಗೆ ತಟ್ಟನೆ ಕುಗ್ಗುತ್ತದೆ. ಬಚ್ಚಲಿನೊಳಗೇ ಮೈ ಒರೆಸಿ, ಬಟ್ಟೆ ತೊಟ್ಟು, ಆಮೇಲೆ ಹೊರಗೆ ಬರಬೇಕು. ಚಳಿಗೆಂದು ಕುಡಿಯುವ ಹೆಂಡ ಮೈ ಬೆಚ್ಚಗೆ ಮಾಡುವುದಿಲ್ಲ. ಅದು ಚರ್ಮದ ನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತದೆ. ರಾತ್ರಿ ದೋಣಿಯಲ್ಲಿರುವವರಿಗೆ, ಗದ್ದೆಬಯಲಲ್ಲಿ ಬೆಳಗಿನವರೆಗೆ ಆಟ ನೋಡುವವರಿಗೆ ಇದು ನೆನಪಿರಬೇಕು.

ಇನ್ನು ನಮ್ಮ ಜಿಲ್ಲೆಯ ದೊಡ್ಡ ತೊಂದರೆ, ದೂರ. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್. ಕರಾವಳಿಯವರು ಗೋವಾಕ್ಕೋ ಮಣಿಪಾಲಕ್ಕೋ ಓಡಬೇಕು. ಸುಸಜ್ಜಿತ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ 2022ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಎತ್ತಿದ ದನಿ ನ್ಯಾಯವಾದದ್ದು, ಇವತ್ತಿಗೂ ನ್ಯಾಯವಾದದ್ದೇ. ಆದರೆ ಎದೆನೋವು ಬಂದ ರಾತ್ರಿ ಕೈಯಲ್ಲಿ ಇರುವುದರಲ್ಲೇ ತೀರ್ಮಾನ ಮಾಡಬೇಕು. ಆಗ ಹಲವರು ಮಾಡುವುದು ನೇರ ದೊಡ್ಡ ಊರಿಗೆ ಕಾರು ಬಿಡುವುದು. ಅದು ತಪ್ಪು ಲೆಕ್ಕ. ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿಯೂ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದೂ ಉಚಿತ. ನೋವು ಶುರುವಾದ ಮೊದಲ ಮೂರು ಗಂಟೆಯಲ್ಲಿ ಅದು ಅತಿ ಹೆಚ್ಚು ಕೆಲಸ ಮಾಡುತ್ತದೆ, ಹನ್ನೆರಡು ಗಂಟೆಯ ಮೇಲೆ ಬಹುಮಟ್ಟಿಗೆ ಉಪಯೋಗವಿಲ್ಲ. ಚುಚ್ಚುಮದ್ದು ಪಡೆದು ಆಂಬುಲೆನ್ಸಿನಲ್ಲಿ ಮುಂದೆ ಹೋಗುವುದಕ್ಕೂ ಬರೀ ಕಾರಿನಲ್ಲಿ ಘಟ್ಟದ ತಿರುವು, ಮಂಜು ದಾಟುವುದಕ್ಕೂ ಇರುವ ವ್ಯತ್ಯಾಸ ಹೃದಯದ ಸ್ನಾಯುವಿನ ವ್ಯತ್ಯಾಸ.

ಗ್ಯಾಸ್ ಎಂದುಕೊಂಡು ಹೊತ್ತು ಕಳೆಯುವುದು ಇನ್ನೊಂದು. ಎದೆಯ ನಡುವೆ ಭಾರ ಹೇರಿದಂತೆ, ಎಡತೋಳಿಗೋ ದವಡೆಗೋ ಹರಡುವ ನೋವು, ಚಳಿಯಲ್ಲೂ ತಣ್ಣನೆ ಬೆವರು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಏದುಸಿರು, ಸುಸ್ತು, ಹೊಟ್ಟೆಯ ಮೇಲ್ಭಾಗದ ಉರಿ ಇರಬಹುದು. ನಡೆಸಬಾರದು, ತಾನೇ ಬೈಕ್ ಓಡಿಸಿಕೊಂಡು ಹೋಗಲು ಬಿಡಬಾರದು.

ಲಕ್ವಕ್ಕೆ ಮಾತ್ರ ಲೆಕ್ಕ ಬೇರೆ. ಬಾಯಿ ಸೊಟ್ಟಗಾಗುವುದು, ಒಂದು ಕೈ ಜಾರುವುದು, ಮಾತು ತೊದಲುವುದು ಕಂಡರೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ರಕ್ತನಾಳ ಕಟ್ಟಿದೆಯೋ ಒಡೆದಿದೆಯೋ ತಿಳಿಯದೆ ಹೆಪ್ಪು ಕರಗಿಸುವ ಮದ್ದು ಕೊಡುವಂತಿಲ್ಲ. ಅದನ್ನು ಕೊಡಲು ಇರುವ ಹೊತ್ತು ನಾಲ್ಕೂವರೆ ಗಂಟೆ. ಕೊನೆಯದಾಗಿ ಸರಿಯಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಗುರುತಿಟ್ಟುಕೊಳ್ಳಿ, ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಅದನ್ನೇ. ಬಾಯಿಗೆ ನೀರು, ಮಾತ್ರೆ ಏನೂ ಬೇಡ. ನಿಮ್ಮ ಊರಿಗೆ ಹತ್ತಿರದ ಸಿ.ಟಿ. ಎಲ್ಲಿದೆ, ರಾತ್ರಿಯೂ ನಡೆಯುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸಿಡಿ.

ಚರ್ಮ, ಮಂಡಿ

ಒಡೆದ ಹಿಮ್ಮಡಿಗೆ ದುಬಾರಿ ಕ್ರೀಮು ಬೇಕಿಲ್ಲ. ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಒರೆಸಿ, ಚರ್ಮದಲ್ಲಿ ಪಸೆ ಇರುವಾಗಲೇ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ ಕಾಲುಚೀಲ ಹಾಕಿ ಮಲಗಬೇಕು. ಹಸಿ ಅಡಿಕೆ ಸುಲಿಯುವವರ ಬೆರಳು ಚೊಗರಿಗೆ ಬಿರಿಯುತ್ತದೆ, ಅದಕ್ಕೂ ಇದೇ ಉಪಾಯ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರು ಬೆಂಕಿಗೆ ಕಾಲು ಚಾಚಬಾರದು. ಸುಟ್ಟದ್ದು ಗೊತ್ತಾಗುವುದಿಲ್ಲ.

ರಾತ್ರಿ ಹೆಚ್ಚುವ, ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತಲಿನ ತುರಿ ಒಣಚರ್ಮವಲ್ಲ, ಕಜ್ಜಿ. ವೈದ್ಯರು ಬರೆದುಕೊಡುವ ಪರ್ಮೆಥ್ರಿನ್ ಶೇ 5ರ ಕ್ರೀಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ, 8ರಿಂದ 12 ಗಂಟೆ ಬಿಟ್ಟು ತೊಳೆದು, ವಾರದ ಮೇಲೆ ಇನ್ನೊಮ್ಮೆ ಹಚ್ಚಬೇಕು. ಮದ್ದು ಸೋಲುವುದು ತುರಿಕೆ ಇದ್ದವರೊಬ್ಬರೇ ಹಚ್ಚಿಕೊಂಡಾಗ. ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಬೇಕು, ಹೊದಿಕೆ ಬಿಸಿನೀರಿನಲ್ಲಿ ಒಗೆಯಬೇಕು. ಆಮೇಲೂ ಎರಡು ಮೂರು ವಾರ ತುರಿ ಉಳಿಯುತ್ತದೆ. ಅದಕ್ಕೆ ಹೆದರಿ ಮತ್ತೆ ಮತ್ತೆ ಬಳಿಯಬೇಡಿ.

ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರವರೆಗೆ ಮಂಡಿ ಮಡಚಿ ಕೂತವರಿಗೆ ಬೆಳಿಗ್ಗೆ ಕಾಲು ನೇರವಾಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಎರಡು ಹೆಜ್ಜೆ ಹಾಕಬೇಕು. ಬೆಳಗಿನ ಬಿಗಿತ ಕೆಲವು ನಿಮಿಷದಲ್ಲಿ ಸಡಿಲವಾದರೆ ಸವೆತದ್ದು. ಒಂದು ಗಂಟೆ ಮೀರಿದರೆ, ಬೆರಳಗಂಟು ಊದಿದರೆ ಸಂಧಿವಾತವಿರಬಹುದು, ತಪಾಸಣೆ ಬೇಕು. ನೋವಿನ ಮಾತ್ರೆಯನ್ನು ಕೊಯ್ಲು ಮುಗಿಯುವವರೆಗೆ ದಿನಾ ನುಂಗುವುದು ಮೂತ್ರಪಿಂಡಕ್ಕೆ ಹೊಡೆತ. ನೀರು ಕಡಿಮೆ ಕುಡಿಯುವ ಈ ತಿಂಗಳುಗಳಲ್ಲಿ, ಬಿ.ಪಿ. ಮಾತ್ರೆಯ ಜೊತೆಗೆ, ಇನ್ನೂ ಹೆಚ್ಚು.

ಚಳಿಗಾಲದ ಜ್ವರವೆಲ್ಲ ಶೀತದ್ದಲ್ಲ

ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗಕ್ಕೆ ಪಕ್ಕದ ಸಿದ್ದಾಪುರ ತಾಲ್ಲೂಕು ಮತ್ತೆ ಮತ್ತೆ ತುತ್ತಾಗಿದೆ. ಇದು ಚಳಿಯಿಂದಲ್ಲ, ರಕ್ತ ಹೀರುವ ಉಣುಗು (ಉಣ್ಣೆ) ಕಚ್ಚುವುದರಿಂದ ಬರುವುದು. ಮಳೆ ನಿಂತು ಕಾಡಿನ ನೆಲ ಒಣಗಿದಾಗ ಉಣುಗಿನ ಮರಿಗಳು ದರಕಿನಲ್ಲಿ ತುಂಬಿಕೊಳ್ಳುತ್ತವೆ. ಕೊಟ್ಟಿಗೆಗೆ ದರಕು ಗುಡಿಸಲು, ಕಟ್ಟಿಗೆ ತರಲು ಸೊಪ್ಪಿನ ಬೆಟ್ಟಕ್ಕೆ ಜನ ಹೋಗುವುದೂ ಆಗಲೇ. ಮರಿ ಉಣುಗು ಎಳ್ಳುಕಾಳಿಗಿಂತ ಸಣ್ಣದು, ಕಚ್ಚಿದ್ದು ಎಷ್ಟೋ ಸಲ ತಿಳಿಯುವುದಿಲ್ಲ.

ಕಚ್ಚಿದ 3ರಿಂದ 8 ದಿನದಲ್ಲಿ ಏಕಾಏಕಿ ಏರುಜ್ವರ, ಹಣೆ ಸಿಡಿಯುವ ನೋವು, ಸೊಂಟ ಮತ್ತು ಮೀನಖಂಡ ಹಿಂಡುವ ನೋವು, ಕಣ್ಣು ಕೆಂಪು, ವಾಂತಿ. ಸಾಮಾನ್ಯವಾಗಿ ಮೂಗು ಸೋರುವುದಿಲ್ಲ. ನೆಗಡಿಯಿಂದ ಬೇರೆ ಮಾಡಿ ನೋಡಲು ಇದು ಉಪಯುಕ್ತ. ಕೆಲವರಲ್ಲಿ ಒಸಡು, ಮೂಗಿನಿಂದ ರಕ್ತ. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಹತ್ತರಲ್ಲಿ ಒಬ್ಬಿಬ್ಬರಿಗೆ ಮರಳಿ ಬಂದು, ಈ ಸಲ ಮಿದುಳಿಗೆ ತಟ್ಟುತ್ತದೆ: ತಲೆನೋವು, ನಡುಕ, ಗೊಂದಲ. ರೋಗ ಹಿಡಿದ ನೂರರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ನೇರವಾಗಿ ವೈರಾಣುವನ್ನು ಕೊಲ್ಲುವ ಮದ್ದಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು ಅದನ್ನು ನಿಲ್ಲಿಸಲಾಗಿದೆ. ಹೊಸದು ಇನ್ನೂ ಪ್ರಯೋಗದ ಹಂತದಲ್ಲಿದೆ.

ಹೀಗಾಗಿ ಕಾಡಿಗೆ ಹೋಗುವ ಮುನ್ನಿನ ತಯಾರಿಯೇ ಎಲ್ಲ. ಪೂರ್ತಿ ತೋಳಿನ ಅಂಗಿ, ಪ್ಯಾಂಟಿನ ಅಂಚು ಕಾಲುಚೀಲದೊಳಗೆ, ಬರಿಮೈ ಕಾಣುವಲ್ಲಿ ಉಣುಗನ್ನು ದೂರವಿಡಲು ಆರೋಗ್ಯ ಇಲಾಖೆ ಹಂಚುವ ಡೀಪಾ ತೈಲ. ತೈಲದ ಪರಿಣಾಮ ಕೆಲವು ಗಂಟೆ ಮಾತ್ರ, ದಿನವಿಡೀ ಇರುವವರು ಮತ್ತೆ ಹಚ್ಚಬೇಕು. ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮಿಂದು, ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಬೇಕು. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಮೇಲಕ್ಕೆ ಎಳೆಯಬೇಕು. ಬೀಡಿ ತಾಗಿಸುವುದು, ಸೀಮೆಎಣ್ಣೆ ಸುರಿಯುವುದು ಬೇಡ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಗೋ ತಿಳಿಸಬೇಕು. ಹೆಣ ತಣಿದೊಡನೆ ಅದರ ಮೈಯ ಉಣುಗುಗಳು ಸುತ್ತಲಿನ ನೆಲಕ್ಕೆ ಇಳಿದಿರುತ್ತವೆ.

ಜ್ವರ ಬಂದರೆ ಪ್ಯಾರಾಸಿಟಮಾಲ್ ಒಂದೇ. ಐಬುಪ್ರೊಫೇನ್, ಡೈಕ್ಲೊಫೆನಾಕ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತವೆ. ಮೈನೋವಿಗೆ ಒಂದು ಸೂಜಿ ಹಾಕಿಬಿಡಿ ಎಂದು ಕೇಳಿ ಹಾಕಿಸಿಕೊಳ್ಳುವುದು ಇಲ್ಲಿ ಅಪಾಯಕಾರಿ. ಮೊದಲ ದಿನಗಳಲ್ಲೇ ರಕ್ತ ಕೊಟ್ಟರೆ ಆರ್‌ಟಿ–ಪಿಸಿಆರ್ ಪರೀಕ್ಷೆಯಲ್ಲಿ ವೈರಾಣು ಸಿಗುತ್ತದೆ. ಆದರೆ ಆ ಪರೀಕ್ಷೆ ಬರೆಯಬೇಕೆಂದು ವೈದ್ಯರಿಗೆ ಹೊಳೆಯಬೇಕಾದರೆ, ಯಾವ ಬೆಟ್ಟಕ್ಕೆ, ಎಷ್ಟು ದಿನದ ಹಿಂದೆ ಹೋಗಿದ್ದಿರಿ, ಅಲ್ಲಿ ಮಂಗ ಸತ್ತ ಸುದ್ದಿ ಇತ್ತೇ ಎಂಬುದನ್ನು ಅವರು ಕೇಳದಿದ್ದರೂ ನೀವೇ ಹೇಳಬೇಕು.